ಯಾರಿಗೂ ತೋರಿಸಿಕೊಳ್ಳಬೇಡಿ

ನಂಜನಗೂಡು
8 ಜೂನ್ 2025

ಪ್ರೀತಿಯ ಅತ್ತಿಗೆ,

ಶಾಲಿನಿಯನ್ನು ನೀವು ನನ್ನ ಮನೆಗೆ ಕಳಿಸಿ ಒಂದು ತಿಂಗಳಾಗುತ್ತಾ ಬಂತು. ಮೊದಲೇ ಬರೆಯಬೇಕಿತ್ತು. ಅಣ್ಣ ಇದ್ದಾಗ ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಿಸಿಕೊಂಡು ನಿಮಗೆ ಕೈಸನ್ನೆಯಲ್ಲಿ ತಿಳಿಸುತ್ತಿದ್ದ. ಅವನೂ ಹೋದ, ನಿಮ್ಮ ಕಿವಿಯೂ ಪೂರ್ತಿ ಹೋಯಿತು. ಇನ್ನು ನಮಗೆ ಕಾಗದವೇ ಗತಿ. ಹೇಳಲು ನಾಚಿಕೆ, ಚಿಕ್ಕವಳಿದ್ದಾಗಲೇ ಮೈಸೂರಿನ ಕಾನ್ವೆಂಟಿಗೆ ಸೇರಿದ ನನಗೆ ಕನ್ನಡದಲ್ಲಿ ಒಂದು ಪುಟ ಬರೆಯಲು ಒಂದು ಭಾನುವಾರ ಬೇಕು. ಬರೆದು ಓದಿಕೊಂಡರೆ ಯಾರೋ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದೆ. ಕ್ಷಮಿಸಿ.

ನಿಮ್ಮ ಮಗಳು ಚೆನ್ನಾಗಿದ್ದಾಳೆ. ನಮ್ಮ ಲ್ಯಾಬು ಕೈಗಾರಿಕಾ ಪ್ರದೇಶದ ತುದಿಯಲ್ಲಿದೆ, ಬೆಳಿಗ್ಗೆ ಇಬ್ಬರೂ ನನ್ನ ಸ್ಕೂಟರಿನಲ್ಲೇ ಹೋಗುತ್ತೇವೆ. ಕೆಲಸ ಏನು ಎಂದು ನೀವು ಅವಳನ್ನು ಕೇಳಿದಿರಂತೆ, ಅವಳು ‘ಇಲಿ ಕಾಯೋದು’ ಎಂದು ಬರೆದಳಂತೆ. ಪೂರ್ತಿ ಸುಳ್ಳಲ್ಲ. ಜನರ ಹೊಟ್ಟೆಯಲ್ಲಿ ವಾಸ ಮಾಡುವ ಒಂದು ಬ್ಯಾಕ್ಟೀರಿಯಾ ಇದೆ. ಹೊಟ್ಟೆಯ ಆಮ್ಲದಲ್ಲಿ ಬೇರೆಲ್ಲ ಸಾಯುತ್ತವೆ, ಇದು ಸಾಯುವುದಿಲ್ಲ. ಬಹಳ ಜನರಿಗೆ ಅದು ತಮ್ಮೊಳಗಿರುವುದೇ ತಿಳಿಯದೆ ಆಯಸ್ಸು ಕಳೆಯುತ್ತದೆ. ಕೆಲವರಿಗೆ ಹುಣ್ಣು ಮಾಡುತ್ತದೆ, ಕೆಲವರಿಗೆ ಅದಕ್ಕಿಂತ ಕೆಟ್ಟದ್ದನ್ನು. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಅದರ ಜೀನುಗಳಲ್ಲಿ ಯಾವುವು ಎದ್ದು ಕೆಲಸ ಮಾಡುತ್ತವೆ, ಯಾವುವು ಸುಮ್ಮನೆ ಮಲಗಿರುತ್ತವೆ ಎನ್ನುವುದು ಗೊತ್ತಿದೆ. ಆದರೆ ಜೀವ ಇರುವ ಹೊಟ್ಟೆಯೊಳಗೆ ಹೋದ ಮೇಲೆ ಅದರ ನಡತೆಯೇ ಬೇರೆ. ತಟ್ಟೆಯಲ್ಲಿ ಮಲಗಿದ್ದವು ಅಲ್ಲಿ ಎದ್ದು ಕೂರುತ್ತವೆ. ಅದನ್ನು ನೋಡಲು ಜೆರ್ಬಿಲ್ ಎಂಬ ಇಲಿಯಂಥ ಪ್ರಾಣಿಗೆ ಆ ಸೋಂಕು ಕೊಟ್ಟು, ಕೆಲವು ವಾರ ಬಿಟ್ಟು, ಅದರ ಹೊಟ್ಟೆಯಿಂದ ಮಾದರಿ ತೆಗೆಯುತ್ತೇವೆ.

ಶಾಲಿನಿಯ ಕೈ ಮೆತ್ತಗೆ, ಪ್ರಾಣಿಗಳು ಅವಳಿಗೆ ಹೆದರುವುದಿಲ್ಲ. ಮನೆಯಲ್ಲೂ ಹಾಗೇ. ನಾನು ಇಷ್ಟು ವರ್ಷ ಒಬ್ಬಳೇ ಇದ್ದ ಅಡುಗೆಮನೆಯಲ್ಲಿ ಈಗ ಅವಳು ರೊಟ್ಟಿ ತಟ್ಟುವ ಸದ್ದು. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ನನ್ನ ಮಗಳೆಂದೇ ತಿಳಿದಿದ್ದಾರೆ. ಮೊದಮೊದಲು ತಿದ್ದುತ್ತಿದ್ದೆ. ಈಗ ತಿದ್ದುವುದನ್ನು ಬಿಟ್ಟಿದ್ದೇನೆ.

ನಿಮ್ಮ
ಕೋಮಲ

—

ಸೋಸಲೆ
29 ಜೂನ್ 2025

ಕೋಮಲ,

ನಿನ್ನ ಕಾಗದ ಪೋಸ್ಟ್‌ಮ್ಯಾನ್ ರುದ್ರೇಶ ಕೊಟ್ಟು ಹೋದ. ನಿಂತ ಕಾಲಲ್ಲೇ ಓದಿದೆ. ಪಾಠ ಒಪ್ಪಿಸಿದಂಗೆ ಇದ್ರೂ ಅಕ್ಷರ ದುಂಡಗೆ ಅವೆ, ಓದಕ್ಕೆ ಕಷ್ಟ ಇಲ್ಲ.

ಇಲ್ಲಿ ನಾಲೆಗೆ ಇನ್ನೂ ನೀರು ಬಿಟ್ಟಿಲ್ಲ. ಹಸು ಕರು ಹಾಕ್ತು, ಹೆಣ್ಗರು. ನಿನ್ನ ಇಲಿ ಸಮಾಚಾರ ಓದಿ ನಕ್ಕೆ. ನಾವು ಗಣಪತಿ ಹಬ್ಬದ ದಿನ ಇಲಿಗೂ ಕೈ ಮುಗಿದು ಮಾರನೇ ದಿನ ಬೋನು ಇಡ್ತೀವಿ. ನೀವು ಅದಕ್ಕೆ ಎ.ಸಿ. ರೂಮು ಮಾಡಿ, ಸಂಬಳದ ಆಳು ಇಟ್ಟು ಸಾಕ್ತಿದ್ದೀರಿ. ಒಂದು ಕೇಳ್ತೀನಿ. ಅದಕ್ಕೂ ಹೊಟ್ಟೆ ನೋಯ್ತದಾ? ನೋಯ್ತದೆ ಅಂತ ನಿಮಗೆ ಹೆಂಗೆ ತಿಳೀತದೆ? ಬಾಯಿಲ್ಲದ ಪ್ರಾಣಿ.

ಶಾಲಿನೀನ ನಿನ್ನ ಮಗಳು ಅಂತಾರೆ ಅಂತ ಬರೆದಿದ್ದೀಯ. ಅನ್ನಲಿ. ಸೋದರತ್ತೆ ಮನೇಲಿ ಅವಳೆ, ಬೀದೀಲಿ ಇಲ್ಲವಲ್ಲ.

ಇನ್ನೊಂದು ಮಾತು. ಇದನ್ನ ನೀನೊಬ್ಬಳೇ ಓದಿಕೋ, ಮಗೀಗೆ ತೋರಿಸಬೇಡ. ಈಚೆಗೆ ನನಗೆ ಹೊಟ್ಟೆ ಉರಿ ತಡೆಯಕ್ಕೆ ಆಗ್ತಿಲ್ಲ. ಅವಳು ಅಲ್ಲಿಗೆ ಬಂದ ಮೇಲೆ ಇನ್ನೂ ಜಾಸ್ತಿ ಆಯ್ತು. ಊಟಕ್ಕೆ ಕೂತ್ರೆ ಸಾಕು, ಶುರುವಾಗ್ತದೆ. ತುತ್ತು ಇಳಿಯಲ್ಲ. ಮಲಗಿದ್ರೂ ಬಿಡಲ್ಲ, ಎದ್ದು ಕೂತ್ಕೋತೀನಿ. ಇದನ್ನ ಯಾರ ಮುಂದೆ ಹೇಳ್ಲಿ? ನೀನು ತಿಳಿದವಳು, ನಿನ್ನತ್ರ ಹೇಳ್ದೆ ಇನ್ಯಾರತ್ರ ಹೇಳ್ಲಿ. ಏನು ಮಾಡಬೇಕು ಅಂತ ಬರಿ. ನೀನು ಹೇಳ್ದಂಗೆ ಕೇಳ್ತೀನಿ.

ನಿನ್ನ ಅತ್ತಿಗೆ
ನಾಗರತ್ನ

—

ನಂಜನಗೂಡು
20 ಜುಲೈ 2025

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಎರಡು ಸಲ ಕೂತು ಎದ್ದೆ. ನೀವು ಮನಸ್ಸು ಬಿಚ್ಚಿ ಬರೆದಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಅಷ್ಟು ನೇರವಾಗಿ ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಓದಿದಾಗ ನೋವಾಯಿತು. ಆಮೇಲೆ ನಾನು ಬರೆದದ್ದು ನೆನಪಾಯಿತು. ಮಗಳು ಎನ್ನುತ್ತಾರೆ, ನಾನು ತಿದ್ದುವುದಿಲ್ಲ ಎಂದು ನಿಮಗೆ ಯಾಕೆ ಬರೆದೆ? ಸಂತೋಷ ಹಂಚಿಕೊಳ್ಳಲು ಎಂದುಕೊಂಡಿದ್ದೆ. ಬರೀ ಸಂತೋಷವೇ ಆಗಿತ್ತೇ ಎಂದು ಈಗ ನನಗೇ ಖಾತ್ರಿ ಇಲ್ಲ.

ನಿಮಗೆ ಆಗುತ್ತಿರುವುದು ಸಹಜ. ಇರುವ ಒಬ್ಬಳೇ ಮಗಳು ದೂರವಾದಾಗ ಹೀಗೆ ಆಗದೆ ಇರುವುದಿಲ್ಲ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಇದಕ್ಕೆ ಔಷಧಿ ಎಂಬುದಿಲ್ಲ, ಅತ್ತಿಗೆ. ಅದರ ಬಗ್ಗೆಯೇ ಯೋಚಿಸುತ್ತಾ ಕೂತರೆ ಹೆಚ್ಚಾಗುತ್ತದೆ, ಬಿಟ್ಟರೆ ದಿನ ಕಳೆದಂತೆ ತಾನಾಗಿಯೇ ತಣ್ಣಗಾಗುತ್ತದೆ. ಅಲ್ಲಿಯವರೆಗೆ ಯಾರಿಗೂ ತೋರಿಸಿಕೊಳ್ಳಬೇಡಿ. ತೋರಿಸಿಕೊಂಡರೆ ಊರಿನವರ ಬಾಯಿಗೆ ಬೀಳುತ್ತೀರಿ, ಕೊನೆಗೆ ಶಾಲಿನಿಯ ಕಿವಿಗೂ ಬೀಳುತ್ತದೆ. ಅವಳಿಗೆ ನಿಮ್ಮ ಕಾಗದ ತೋರಿಸಿಲ್ಲ. ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ.

ಪ್ರಾಣಿಗೆ ಹೊಟ್ಟೆ ನೋಯುತ್ತದೆಯೇ ಎಂದು ಕೇಳಿದಿರಿ. ಒಳ್ಳೆಯ ಪ್ರಶ್ನೆ. ಹೇಳಲು ಅದಕ್ಕೆ ಬಾಯಿಲ್ಲ, ಆದ್ದರಿಂದ ನಾವು ನೋಡಬೇಕು. ತೂಕ ಇಳಿಯುತ್ತದೆ. ಬೆನ್ನು ಗೂನು ಮಾಡಿಕೊಂಡು ಮೂಲೆ ಹಿಡಿಯುತ್ತದೆ. ಕೂದಲು ಕೆದರುತ್ತದೆ, ಕಾಳನ್ನು ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಇಡುತ್ತದೆ. ಅಂಥದ್ದನ್ನು ಕಂಡರೆ ಶಾಲಿನಿ ಸಪ್ಪಗಾಗುತ್ತಾಳೆ. ಅಭ್ಯಾಸವಾಗುತ್ತದೆ ಎಂದು ಅವಳಿಗೆ ಹೇಳಿದ್ದೇನೆ. ಅಭ್ಯಾಸ ಆಗಬೇಕೋ ಬೇಡವೋ, ಅದು ಬೇರೆ ಮಾತು.

ನಿಮ್ಮ
ಕೋಮಲ

—

ಸೋಸಲೆ
14 ಆಗಸ್ಟ್ 2025

ಕೋಮಲ,

ನಿನ್ನ ಕಾಗದ ಓದಿ ಎದೆ ಹಗುರ ಆಯ್ತು. ತಾನಾಗೇ ತಣ್ಣಗಾಗ್ತದೆ ಅಂತ ನೀನೇ ಬರೆದ ಮೇಲೆ ಇನ್ನೇನು. ಮಗಳು ದೂರ ಆದದ್ದಕ್ಕೆ ಹಿಂಗೆ ಅಂತ ನನಗೂ ಅನ್ನಿಸಿತ್ತು. ಯೋಚನೆ ಬಂದಾಗೆಲ್ಲ ಎದ್ದು ಕೊಟ್ಟಿಗೆ ಕೆಲಸ ಮಾಡ್ತೀನಿ. ಒಂದೊಂದು ದಿನ ಕಮ್ಮಿ ಅದೆ, ಒಂದೊಂದು ದಿನ ಇಲ್ಲ.

ನೀನು ಹೇಳ್ದಂಗೆ ಯಾರಿಗೂ ತೋರಿಸ್ಕೊಂಡಿಲ್ಲ. ಪಕ್ಕದ ಬೀದಿ ಶಿವನಂಜಮ್ಮ ಬಂದಿದ್ಲು, ನನ್ನ ಮುಖ ನೋಡೇ ಕಂಡುಹಿಡಿದ್ಲು. ಬಿಡ್ಲೇ ಇಲ್ಲ, ಇದ್ದದ್ದು ಹೇಳಿದೆ. ಬಲವಂತ ಮಾಡಿದ್ಲು. ನಾನು ಬೇಡ ಅಂದೆ. ನಮ್ಮ ನಾದಿನಿಗಿಂತ ನೀನು ತಿಳಿದವಳಾ, ಅವಳೇ ಬರೆದವಳೆ ಅಂದೆ. ಮೂತಿ ಸೊಟ್ಟ ಮಾಡ್ಕೊಂಡು ಹೋದ್ಲು.

ಗೌರಿ ಹಬ್ಬಕ್ಕೆ ಮಗೀನ ಕಳಿಸಬೇಡ. ಏನಾದ್ರೂ ನೆಪ ಹೇಳು. ನನ್ನ ನೋಡಿದ್ರೆ ಅವಳಿಗೆ ಗೊತ್ತಾಗ್ಬಿಡ್ತದೆ. ಪೂರ್ತಿ ಹೋಗಲಿ, ಆಮೇಲೆ ಬರಲಿ. ಕಜ್ಜಾಯ ಮಾಡಿ ಕಂಡಕ್ಟರ್ ಸಿದ್ದರಾಜು ಕೈಲಿ ಕಳಿಸ್ತೀನಿ, ಬಸ್‌ಸ್ಟ್ಯಾಂಡಲ್ಲಿ ಇಸ್ಕೊಳ್ಳಿ. ಎಲ್ಲಾ ನಿಮಗೇ, ನನಗೆ ಎಣ್ಣೆದು ಆಗಲ್ಲ.

ನಾಗರತ್ನ

—

ನಂಜನಗೂಡು
3 ಸೆಪ್ಟೆಂಬರ್ 2025

ಅತ್ತಿಗೆ,

ಕಜ್ಜಾಯ ತಲುಪಿತು. ಶಾಲಿನಿ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ಮೂಸಿ ನೋಡಿದಳು. ಹಬ್ಬಕ್ಕೆ ಊರಿಗೆ ಹೋಗುತ್ತೇನೆ ಎಂದು ಹಟ ಮಾಡಿದ್ದಳು. ಅವ್ವನೇ ಬೇಡ ಎಂದಿದ್ದಾರೆ, ಕೆಲಸ ನೋಡಿಕೋ ಎಂದಿದ್ದಾರೆ ಎಂದೆ. ‘ಅವ್ವ ಹಂಗಂತಾಳಾ?’ ಎಂದು ಎರಡು ಸಲ ಕೇಳಿದಳು. ಮುಖ ಚಿಕ್ಕದಾಯಿತು. ನೀವು ಹೇಳಿದ ಹಾಗೆ ಮಾಡಿದ್ದೇನೆ, ಆದರೆ ನನಗೆ ಸಮಾಧಾನವಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ನಮ್ಮಿಬ್ಬರ ನಡುವೆ ಇರಲಿ ಎಂದು ನೀವೇ ಬರೆದು, ನೀವೇ ಪಕ್ಕದ ಬೀದಿಯವರಿಗೆ ಹೇಳಿದಿರಿ. ನಾನು ಏನು ಬರೆದೆ ಎನ್ನುವುದನ್ನೂ ಹೇಳಿದಿರಿ. ಸೋಸಲೆಯಲ್ಲಿ ಇನ್ನು ಯಾರ್ಯಾರು ನನ್ನ ಬಗ್ಗೆ ಏನೇನು ಮಾತಾಡಿಕೊಳ್ಳುತ್ತಿದ್ದಾರೋ ತಿಳಿಯದು. ಕೋಪದಿಂದ ಬರೆಯುತ್ತಿಲ್ಲ. ಈ ಮಾತನ್ನು ಇಲ್ಲಿಗೆ ನಿಲ್ಲಿಸೋಣ. ಮುಂದೆ ನೀವೂ ಬರೆಯಬೇಡಿ, ನಾನೂ ಕೇಳುವುದಿಲ್ಲ.

ಈ ತಿಂಗಳು ನಮಗೆ ಬಿಡುವಿಲ್ಲ. ಸೋಂಕು ಕೊಟ್ಟ ಪ್ರಾಣಿಗಳ ಸರದಿ ಬಂದಿದೆ. ಪ್ರಾಣ ಹೋದ ಕೂಡಲೇ ಹೊಟ್ಟೆಯನ್ನು ತೆರೆದು ಒಳಪೊರೆಯನ್ನು ಮಂಜಿಗಿಂತ ತಣ್ಣಗಿರುವ ದ್ರವದಲ್ಲಿ ಮುಳುಗಿಸಬೇಕು. ಬ್ಯಾಕ್ಟೀರಿಯಾ ಆ ಗಳಿಗೆಯಲ್ಲಿ ಯಾವ ಜೀನನ್ನು ಎಬ್ಬಿಸಿತ್ತು ಎನ್ನುವುದಕ್ಕೆ ಗುರುತಾಗಿ ಉಳಿಯುವ ವಸ್ತು ಬಹಳ ನಾಜೂಕು. ಸ್ವಲ್ಪ ತಡವಾದರೂ ಅಳಿಸಿಹೋಗುತ್ತದೆ. ಆಮೇಲೆ ಎಷ್ಟು ಬುದ್ಧಿ ಓಡಿಸಿದರೂ ಅಲ್ಲಿ ಓದಲು ಏನೂ ಇರುವುದಿಲ್ಲ. ಶಾಲಿನಿಯ ಕೈ ಚುರುಕು. ಅವಳಿಲ್ಲದೆ ಈ ಕೆಲಸ ನನ್ನಿಂದಾಗದು.

ಕೋಮಲ

—

ಸೋಸಲೆ
9 ನವೆಂಬರ್ 2025

ಕೋಮಲ,

ಬರೀಬೇಡ ಅಂತ ನೀನು ಅಂದಿದ್ದೆ. ಅದಕ್ಕೇ ದೀಪಾವಳಿಗೂ ಬರೀಲಿಲ್ಲ. ಶಿವನಂಜಮ್ಮನಿಗೆ ಹೇಳಿದ್ದು ತಪ್ಪಾಯ್ತು. ಬೇಕು ಅಂತ ಹೇಳಿದ್ದಲ್ಲ.

ಕೂತು ಬರೆಯಕ್ಕೆ ತ್ರಾಣ ಇಲ್ಲ, ಅಕ್ಷರ ಸೊಟ್ಟಗಿದ್ರೆ ಅನುಸರಿಸ್ಕೊಂಡು ಓದು. ಉರಿ ಹೋಗಿ ಈಗ ನೋವು. ಗಂಜಿ ಕುಡಿದ್ರೂ ನಿಲ್ಲಲ್ಲ, ವಾಂತಿ ಆಗ್ತದೆ. ಮೊನ್ನೆ ಕಾಫಿ ಗಸಿಯಂಗೆ ಕಪ್ಪಗೆ ಬಂತು. ರವಿಕೆ ಎಲ್ಲಾ ಜೋಲಾಡ್ತವೆ, ಎರಡನ್ನ ಹೊಲಿಗೆ ಹಾಕಿ ಚಿಕ್ಕದು ಮಾಡ್ಕೊಂಡೆ. ನಿನ್ನ ಇಲಿ ಬೆನ್ನು ಗೂನು ಮಾಡ್ಕೊಂಡು ಮೂಲೆ ಹಿಡೀತದೆ ಅಂತ ಬರೆದಿದ್ದೆಯಲ್ಲ, ನಾನೂ ಈಗ ಹಂಗೇ ಕೂತಿರ್ತೀನಿ. ಗೋಡೆಗೆ ಒರಗಿ ಕೂತಾಗ ನೆನೆಸ್ಕೊಂಡು ನಗು ಬತ್ತದೆ.

ಯಾರಿಗೂ ತೋರಿಸಿಕೊಳ್ಳಬೇಡಿ ಅಂತ ಬರೆದಿದ್ದೀಯ. ನಿನ್ನ ಮಾತು ಮೀರಿಲ್ಲ. ನಮ್ಮ ಬೀದಿ ಚಿಕ್ಕಬಸಪ್ಪ ಆಟೋ ತಂದು ಬಾಗಿಲಲ್ಲಿ ನಿಲ್ಲಿಸ್ದ, ನರಸೀಪುರದ ಆಸ್ಪತ್ರೆಗೆ ಹೋಗಿ ಬರೋಣ ಅಂತ. ನಾನು ಹೋಗ್ಲಿಲ್ಲ. ಆದ್ರೂ ಒಂದು ಸಲ ಡಾಕ್ಟ್ರಿಗೆ ತೋರಿಸ್ಕೊಳ್ಳಲಾ? ನೀನು ಓದಿದವಳು, ಬೇಡ ಅಂದಿದ್ದಕ್ಕೆ ಏನೋ ಕಾರಣ ಇರ್ತದೆ. ಬೇಡ ಅಂದ್ರೆ ಬೇಡ. ಒಂದು ಸಾಲು ಬರಿ, ಸಾಕು.

ಮಗೀಗೆ ತಿಳಿಸಬೇಡ.

ನಾಗರತ್ನ

—

ನಂಜನಗೂಡು
30 ನವೆಂಬರ್ 2025

ಅತ್ತಿಗೆ,

ಈ ಕಾಗದವನ್ನು ಶಿವನಂಜಮ್ಮನವರ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನಿಮ್ಮನ್ನು ನೋಡಿಕೊಳ್ಳಲು ಅಲ್ಲೇ ಉಳಿದಿರುವ ಶಾಲಿನಿ ನೀರು ತರಲೋ ಹಸುವಿಗೆ ಹುಲ್ಲು ಹಾಕಲೋ ಹೋದಾಗ ನಿಮಗೆ ತಲುಪಿಸುತ್ತಾರೆ. ಆಸ್ಪತ್ರೆಯಲ್ಲಿ ನಿಮ್ಮ ಜೊತೆ ಒಂದು ಮಾತೂ ಆಡಲಾಗಲಿಲ್ಲ. ನಿಮಗೆ ಏನು ಹೇಳಬೇಕಾದರೂ ಬರೆದು ತೋರಿಸಬೇಕು, ಬರೆದದ್ದನ್ನು ಶಾಲಿನಿ ಓದುತ್ತಿದ್ದಳು.

ನಿಮ್ಮ ಕಾಗದ ನನ್ನ ಕೈಗೆ ಬಂದಾಗ ಮಧ್ಯಾಹ್ನ. ಓದಿ ಮುಗಿಸುವ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿದ್ದೆ. ನಂಜನಗೂಡಿನಿಂದ ನರಸೀಪುರ, ಅಲ್ಲಿಂದ ಸೋಸಲೆ. ಒಂದು ಬಸ್ಸು ಬದಲಿಸಿದರೆ ಮುಗಿಯಿತು. ಇಷ್ಟು ಹತ್ತಿರದ ದಾರಿ ಐದು ತಿಂಗಳು ನನಗೆ ಕಾಣಲಿಲ್ಲ. ಜಗಲಿಯ ಮೇಲೆ ಕೂತಿದ್ದವರು ಯಾರೋ ಮುದುಕಿ ಎಂದುಕೊಂಡು ನಿಮ್ಮನ್ನು ದಾಟಿ ಒಳಗೆ ಹೋದೆ. ಹಿಂದಿನಿಂದ ನೀವು ‘ಕೋಮಲಾ, ಚಪ್ಲಿ’ ಎಂದಾಗ ಗೊತ್ತಾಯಿತು.

ಶಿವನಂಜಮ್ಮ ಊರಿನ ಆಶಾ ಕಾರ್ಯಕರ್ತೆ ಎನ್ನುವುದೂ ನನಗೆ ಅವತ್ತೇ ತಿಳಿದದ್ದು. ‘ನಿಮ್ ಅತ್ಗೆ ಬಾಯಲ್ಲಿ ನಿಮ್ಮ ಮಾತೇ ವೇದ ಕಣ್ರೀ’ ಎಂದರು. ನನ್ನ ಮುಖ ನೋಡಲಿಲ್ಲ.

ಮೈಸೂರಿನಲ್ಲಿ ಡಾಕ್ಟರು ಪೈಪು ಹಾಕಿ ನೋಡಿದ ಮೇಲೆ ನಮ್ಮನ್ನು ಒಳಗೆ ಕರೆದರಲ್ಲ. ಯಾಕ್ರೀ ಇಷ್ಟು ದಿನ ಬಿಟ್ಟುಕೊಂಡ್ರಿ ಎಂದು ಕೇಳಿದರು. ಶಾಲಿನಿ ಅದನ್ನು ಹಾಳೆಯಲ್ಲಿ ಬರೆದು ನಿಮ್ಮ ಮುಂದೆ ಹಿಡಿದಳು. ನೀವು ಓದಿ, ಒಂದು ಸಲ ನನ್ನ ಕಡೆ ನೋಡಿ, ಹೊರಗಿದ್ದವರಿಗೂ ಕೇಳುವಷ್ಟು ಜೋರಾಗಿ ಹೇಳಿದಿರಿ: ‘ನಂದೇ ತಪ್ಪು ಸಾ. ಗ್ಯಾಸ್ಟ್ರಿಕ್ಕು ಅಂದ್ಕಂಡು ಸುಮ್ನಿದ್ದೆ.’ ನಾನು ಪಕ್ಕದಲ್ಲೇ ನಿಂತಿದ್ದೆ.

ನಿಮಗೆ ಯಾರೂ ಪೂರ್ತಿ ಹೇಳಿಲ್ಲ. ನೀವು ಕೇಳಿದರೆ ಹೇಳಬೇಕು ಎಂದು ಡಾಕ್ಟರಿಗೆ ಒಪ್ಪಿಕೊಂಡಿದ್ದೇನೆ, ನೀವು ಕೇಳಿಯೂ ಇಲ್ಲ. ನಿಮಗೆ ಗೊತ್ತಿದೆ ಎಂದೇ ನನಗನ್ನಿಸುತ್ತದೆ. ಗೆಡ್ಡೆ ಹೊಟ್ಟೆಯಿಂದ ಆಚೆಗೂ ಹಬ್ಬಿದೆ. ಆಪರೇಷನ್ ಮಾಡುವ ಕಾಲ ದಾಟಿದೆ. ಪರೀಕ್ಷೆಗೆ ತೆಗೆದ ಚೂರಿನಲ್ಲಿ ನಾನು ದಿನಾ ಬೆಳೆಸುವ ಅದೇ ಬ್ಯಾಕ್ಟೀರಿಯಾ ಇತ್ತು. ವರದಿಯಲ್ಲಿ ಅದರ ಹೆಸರನ್ನು ನಾನೇ ಓದಿದೆ.

ಜೂನ್ ತಿಂಗಳಲ್ಲಿ ನೀವು ಹೊಟ್ಟೆ ಉರಿ ಎಂದು ಬರೆದಿರಿ. ಶಾಲಿನಿ ನನ್ನ ಜೊತೆ ಇರುವುದನ್ನು ಕಂಡು ನಿಮಗೆ ಹೊಟ್ಟೆಕಿಚ್ಚು ಎಂದು ನಾನು ಓದಿಕೊಂಡೆ. ಔಷಧಿ ಇಲ್ಲ ಎಂದದ್ದು, ತಣ್ಣಗಾಗುತ್ತದೆ ಎಂದದ್ದು, ಎಲ್ಲವೂ ಆ ಕಿಚ್ಚಿನ ಬಗ್ಗೆ. ಯಾರಿಗೂ ತೋರಿಸಿಕೊಳ್ಳಬೇಡಿ ಎಂದರೆ ಅದನ್ನು ಹೊರಗೆ ಬಿಟ್ಟುಕೊಡಬೇಡಿ ಎಂದು. ಡಾಕ್ಟರಿಗೆ ತೋರಿಸಬೇಡಿ ಎಂದಲ್ಲ. ಅವತ್ತೇ ಪರೀಕ್ಷೆ ಮಾಡಿಸಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಅದೇ ಉತ್ತರವನ್ನು ಇಟ್ಟುಕೊಂಡು ನಾನು ಇರಬೇಕು.

ಶಾಲಿನಿಗೆ ಇದು ಯಾವುದೂ ಗೊತ್ತಿಲ್ಲ. ಹೇಳಬೇಕೆಂದಿದ್ದೇನೆ.

ಕೋಮಲ

—

ಸೋಸಲೆ
12 ಡಿಸೆಂಬರ್ 2025

ಕೋಮಲ,

ಎರಡು ಸಲ ಓದಿದ ಮೇಲೆ ತಿಳೀತು. ಕಾಯಿಲೆದು ನನಗೆ ಮೊದಲೇ ಗೊತ್ತಿತ್ತು, ನೀನು, ಮಗು, ಶಿವನಂಜಮ್ಮ ಮೂರು ಜನ ನನ್ನ ಮುಂದೆ ನಗ್ತಿದ್ದದ್ದು ನೋಡೇ ಗೊತ್ತಾಯ್ತು. ಅದು ಬಿಡು. ನನಗೆ ಹೊಟ್ಟೆಕಿಚ್ಚು ಅಂದ್ಕೊಂಡೆಯಾ? ಅದೊಂದು ಓದಿ ಬೇಜಾರಾಯ್ತು. ನಾನು ಈ ಮನೆಗೆ ಬಂದಾಗ ನೀನು ಲಂಗ ಹಾಕೋ ಹುಡುಗಿ. ರಜಕ್ಕೆ ಬಂದಾಗ ನಿನಗೆ ಜಡೆ ಹಾಕಿದ್ದು ನಾನು. ಅವತ್ತಿಂದ ಇವತ್ತಿನ ತನಕ ನಿನ್ನ ಕಂಡು ಯಾವತ್ತು ಕಿಚ್ಚು ಪಟ್ಟೆ? ಮಗಳನ್ನ ನಿನ್ನತ್ರ ಕಳಿಸಿದ್ದೇ ನಾನಲ್ವಾ.

ಹೋಗಲಿ. ನೀನೂ ಬೇಕು ಅಂತ ಮಾಡಿಲ್ಲ, ನಾನೂ ಬಿಡಿಸಿ ಬರೀಲಿಲ್ಲ. ಎದೆ ಉರಿ ಅಂತ ಬರೆದಿದ್ರೆ ಆಗೋದು, ಅಲ್ವಾ.

ಮಗೀಗೆ ಹೇಳಬೇಡ. ಆಣೆ ಇಟ್ಟು ಕೇಳ್ತಿದ್ದೀನಿ. ನಿನ್ನ ಕಾಗದ ಎಲ್ಲಾನೂ ನೀರೊಲೆಗೆ ಹಾಕಿದೆ, ಇದನ್ನೂ ಹಾಕಿದೆ. ಅವಳಪ್ಪ ಇಲ್ಲ. ನಾನೂ ಇರಲ್ಲ. ನೀನು ಬಿಟ್ರೆ ಅವಳಿಗೆ ಯಾರವ್ರೆ? ನಿನ್ನ ಮೇಲೆ ಅವಳ ಮನಸ್ಸು ಮುರೀತು ಅಂದ್ರೆ ಅವಳು ಹೋಗೋದು ಎಲ್ಲಿಗೆ? ನನಗೆ ಇರೋ ಭಯ ಅದೊಂದೇ. ಸಾಯೋದಲ್ಲ.

ಬಂದು ಹೋಗು. ಯಾಕೆ ಬರ್ತಿಲ್ಲ?

ನಾಗರತ್ನ

—

ನಂಜನಗೂಡು
4 ಜನವರಿ 2026

ಶಾಲಿನಿ,

ಈ ಲಕೋಟೆಯಲ್ಲಿ ನನ್ನ ಕಾಗದದ ಜೊತೆ ಅವ್ವ ಕಳೆದ ಜೂನ್ ತಿಂಗಳಲ್ಲಿ ನನಗೆ ಬರೆದದ್ದು ಇದೆ. ಮೊದಲು ಅದನ್ನು ಓದು. ಆಮೇಲೆ ಇದನ್ನು.

ಓದಿದೆಯಾ? ಅದಕ್ಕೆ ನಾನು ಏನು ಉತ್ತರ ಬರೆದೆ ಎಂದು ಹೇಳುತ್ತೇನೆ. ಅವ್ವ ಅದನ್ನು ಸುಟ್ಟುಹಾಕಿದ್ದಾರೆ, ನನಗೆ ಬಾಯಿಪಾಠವಾಗಿದೆ. ನೀನು ನನ್ನ ಮನೆಯಲ್ಲಿರುವುದಕ್ಕೆ ಅವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಇದಕ್ಕೆ ಔಷಧಿ ಇಲ್ಲ, ತಾನಾಗಿಯೇ ತಣ್ಣಗಾಗುತ್ತದೆ, ಯಾರಿಗೂ ತೋರಿಸಿಕೊಳ್ಳಬೇಡಿ ಎಂದು ಬರೆದೆ. ಹೊಟ್ಟೆಯ ವಿಷಯ ಓದಿದವಳು ಹೇಳಿದ್ದಾಳೆ ಎಂದು ಅವ್ವ ಆಸ್ಪತ್ರೆಗೆ ಹೋಗಲಿಲ್ಲ. ಆಟೋ ಬಾಗಿಲಿಗೆ ಬಂದರೂ ಹೋಗಲಿಲ್ಲ. ಡಾಕ್ಟರ ಮುಂದೆ ತಪ್ಪು ತನ್ನದು ಎಂದದ್ದು ನನ್ನನ್ನು ಉಳಿಸಲು.

ನಿನಗೆ ಹೇಳಬಾರದು ಎಂದು ಅವರು ಆಣೆ ಇಟ್ಟಿದ್ದಾರೆ. ನೀನು ಒಂಟಿಯಾಗುತ್ತೀಯ ಎಂಬ ಭಯ ಅವರಿಗೆ. ಮೂರು ವಾರ ನಾನೂ ಆ ಮಾತನ್ನು ಹಿಡಿದು ಕೂತೆ. ಅದರಲ್ಲಿ ನನಗೆ ಅನುಕೂಲವೂ ಇತ್ತು. ಕೊನೆಗೆ ಒಂದು ವಿಷಯ ಬಗೆಹರಿಯಲಿಲ್ಲ. ಏನೂ ತಿಳಿಯದೆ ನೀನು ಮತ್ತೆ ಈ ಮನೆಗೆ ಬಂದು ರೊಟ್ಟಿ ತಟ್ಟಿದರೆ, ಅವ್ವನಿಂದ ನಿನ್ನನ್ನು ಎರಡನೇ ಸಲ ಕಿತ್ತುಕೊಂಡ ಹಾಗೆ. ಬರುವುದಾದರೆ ತಿಳಿದು ಬಾ. ಬರದಿದ್ದರೂ ನನ್ನ ಕಡೆಯಿಂದ ಮಾತಿಲ್ಲ. ನಿನ್ನ ಕೆಲಸ ನನ್ನ ಕೈಕೆಳಗೆ ಇರದ ಹಾಗೆ ಬೇರೆ ವಿಭಾಗದಲ್ಲಿ ಕೇಳಿದ್ದೇನೆ, ಒಪ್ಪಿದ್ದಾರೆ.

ನೀನು ತೆಗೆದ ಮಾದರಿಗಳ ಫಲಿತಾಂಶ ಬಂದಿದೆ. ಹೊಟ್ಟೆಯ ಗೋಡೆಗೆ ಕಚ್ಚಿಕೊಳ್ಳಲು ಬೇಕಾದ ಜೀನುಗಳು ತಟ್ಟೆಯಲ್ಲಿದ್ದಾಗ ಮಲಗಿದ್ದವು, ಒಳಗೆ ಎದ್ದಿದ್ದವು. ಒಂದು ಮಾದರಿಯೂ ಕೆಟ್ಟಿಲ್ಲ. ಇದನ್ನು ಬರೆಯಬೇಕೋ ಬೇಡವೋ ತಿಳಿಯಲಿಲ್ಲ, ಬರೆದಿದ್ದೇನೆ.

ಕೋಮಲ

—

ಸೋಸಲೆ
9 ಜನವರಿ 2026

ಅತ್ತೆ,

ಕಾಗದ ರುದ್ರೇಶಣ್ಣ ನನ್ನ ಕೈಗೇ ಕೊಟ್ಟ. ಕೊಟ್ಟಿಗೆಗೆ ಹೋಗಿ ಓದಿದೆ.

ಒಂದೇ ಒಂದು ಕೇಳುತ್ತೇನೆ. ‘ಊಟಕ್ಕೆ ಕೂತ್ರೆ ಸಾಕು, ಶುರುವಾಗ್ತದೆ’ ಎಂದು ಅವ್ವ ಬರೆದಿದ್ದಾಳೆ. ‘ತುತ್ತು ಇಳಿಯಲ್ಲ’ ಎಂದು ಬರೆದಿದ್ದಾಳೆ. ಹೊಟ್ಟೆಕಿಚ್ಚು ಊಟದ ಹೊತ್ತು ನೋಡಿಕೊಂಡು ಬರುತ್ತದಾ ಅತ್ತೆ? ಜೆರ್ಬಿಲ್ ಒಂದು ಕಾಳು ಬಿಟ್ಟರೂ ಬರೆದಿಡು ಎಂದು ನನಗೆ ಕಲಿಸಿದ್ದು ನೀವು. ಆ ಕಾಗದವನ್ನು ಅವತ್ತು ನನಗೆ ತೋರಿಸಿದ್ದರೆ, ಓದಿದ ಕೂಡಲೇ ನಾನು ಬಸ್ಸು ಹತ್ತುತ್ತಿದ್ದೆ. ಗೌರಿ ಹಬ್ಬಕ್ಕಾದರೂ ಬಿಟ್ಟಿದ್ದರೆ ಮುಖ ನೋಡಿಯೇ ತಿಳಿಯುತ್ತಿತ್ತು. ಅವ್ವನಿಗೆ ನಾನು ಬರುವುದು ಬೇಡವಾಗಿದೆ ಎಂದುಕೊಂಡು ಅವತ್ತು ಆ ಕಜ್ಜಾಯವನ್ನು ನಾನು ತಿನ್ನಲೂ ಇಲ್ಲ. ಅದು ಅವಳು ಮಾಡಿದ ಕೊನೇ ಕಜ್ಜಾಯ.

ಮುಂದೆ ಎಲ್ಲಿರುತ್ತೇನೆ ಎಂದು ಈಗ ಕೇಳಬೇಡಿ. ನನಗೇ ಗೊತ್ತಿಲ್ಲ. ಲ್ಯಾಬಿನ ವಿಷಯ ಬರೆಯಬೇಡಿ.

ಅವ್ವ ಈಗ ಎರಡು ಚಮಚ ಎಳನೀರು ಕುಡಿದರೆ ಹೆಚ್ಚು. ಡಾಕ್ಟರು ಹೇಳಿದ ದಿನಗಳು ಮುಗಿಯುತ್ತಾ ಬಂದವು. ದಿನಾ ನಿಮ್ಮನ್ನೇ ಕೇಳುತ್ತಾಳೆ. ಕೋಮಲ ಬರ್ನಿಲ್ವಾ, ಕೋಮಲ ಬರ್ನಿಲ್ವಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ, ಅವಳಿಗೆ ತನ್ನ ಗಂಟಲಿನ ಅಳತೆ ಗೊತ್ತಾಗುವುದಿಲ್ಲವಲ್ಲ. ನನಗೆ ಏನೂ ತಿಳಿಯದು ಎಂದೇ ನಂಬಿದ್ದಾಳೆ. ನಿನ್ನೆ ನನ್ನ ಕೈ ಹಿಡಿದುಕೊಂಡು, ‘ನಿಮ್ಮತ್ತೆ ಒಳ್ಳೇವ್ಳು ಕಣವ್ವ, ಅವಳ್ನ ಬಿಡಬೇಡ’ ಅಂದಳು. ಹೂಂ ಎಂದು ತಲೆ ಆಡಿಸಿದೆ. ಅವಳು ಆಮೇಲೆ ಸ್ವಲ್ಪ ಹೊತ್ತು ನಿದ್ದೆ ಮಾಡಿದಳು.

ಭಾನುವಾರ ಬನ್ನಿ. ನಾನು ಬಾಗಿಲಿಗೆ ಬಂದು ಚೀಲ ಇಸಿದುಕೊಳ್ಳುತ್ತೇನೆ, ಕಾಫಿ ಕೊಡುತ್ತೇನೆ, ಇಲಿಗಳು ಹೇಗಿವೆ ಎಂದು ಅವ್ವನಿಗೆ ಕಾಣುವ ಹಾಗೆ ಹಾಳೆಯಲ್ಲಿ ಬರೆದು ಕೇಳುತ್ತೇನೆ. ನೀವೂ ಉತ್ತರ ಬರೆಯಿರಿ. ನಾನು ನಕ್ಕರೆ ನಗಿ. ಹಿತ್ತಲಿಗೆ ಬಂದು ನನ್ನ ಹತ್ತಿರ ಏನೂ ಮಾತಾಡಬೇಡಿ, ಅಳಬೇಡಿ. ಅವಳು ಇರುವ ತನಕ ನಾವಿಬ್ಬರೂ ಮೊದಲಿನ ಹಾಗೇ ಇದ್ದೇವೆ.

ಅವ್ವನಿಗೆ ತೋರಿಸಿಕೊಳ್ಳಬೇಡಿ.

ಶಾಲಿನಿ